ಕಂಪ್ಯೂಟರ್ ಶುರುವಾಗುವಾಗ ಡಿಸ್ಕ್ ಮೌಂಟ್ ಆಗದೆ ನಿಂತರೆ: ಮಳೆಗಾಲದ ಕೊಡಗಿಗೆ ಒಂದು ಸಮಗ್ರ ಮಾರ್ಗದರ್ಶಿ

ಜೂನ್ ಬಂತು ಅಂದರೆ ಒಂದೇ ತರಹದ ಫೋಟೋಗಳು ವಾಟ್ಸಾಪ್‌ಗೆ ಬರಲು ಶುರುವಾಗುತ್ತವೆ. ಕಪ್ಪು ಸ್ಕ್ರೀನ್, ಬಿಳಿ ಅಕ್ಷರ, ಕೆಳಗೆ 'ಎಮರ್ಜೆನ್ಸಿ ಮೋಡ್' ಅನ್ನುವ ಸಾಲು. ಎಸ್ಟೇಟ್ ಆಫೀಸಿನಿಂದ ಒಂದು, ಜೆರಾಕ್ಸ್ ಅಂಗಡಿಯಿಂದ ಒಂದು, ಹೋಂಸ್ಟೇಯಿಂದ ಮತ್ತೊಂದು. ಎಲ್ಲೋ ಮರ ಬಿದ್ದು ಲೈನ್ ಹೋಗಿರುತ್ತದೆ. ಕರೆಂಟ್ ವಾಪಸ್ ಬಂದಾಗ ಲಿನಕ್ಸ್ ಕಂಪ್ಯೂಟರ್ ಅರ್ಧದಲ್ಲೇ ನಿಂತಿರುತ್ತದೆ. ಫೋಟೋ ಜೊತೆ ಪ್ರಶ್ನೆಯೂ ಒಂದೇ: "ಅಣ್ಣಾ, ಯಾವ ಕಮಾಂಡ್ ಹೊಡೀಲಿ?"

ಕಮಾಂಡ್ ಆಮೇಲೆ. ಇಂಥ ಕೇಸುಗಳಲ್ಲಿ ಬಹಳಷ್ಟು ಸಲ ಡಿಸ್ಕ್ ಹಾಳಾಗಿರುವುದೇ ಇಲ್ಲ. ಇಲ್ಲದ ಡಿಸ್ಕ್‌ಗೆ ಕಾಯುತ್ತಾ ಸಿಸ್ಟಮ್ ನಿಂತಿರುತ್ತದೆ, ಅಷ್ಟೆ. ಗಾಬರಿಯಲ್ಲಿ ರಿಪೇರಿ ಕಮಾಂಡ್ ಓಡಿಸಿ, ಚೆನ್ನಾಗಿದ್ದ ಡಿಸ್ಕನ್ನೇ ಕೆಡಿಸಿಕೊಂಡವರು ಜಾಸ್ತಿ. ಹಾಗಾಗಿ ಇಲ್ಲಿ ಹಂತಗಳ ಕ್ರಮವೇ ಮುಖ್ಯ. ಮೊದಲು ನೋಡುವುದು, ಆಮೇಲೆ ಡೇಟಾ ಉಳಿಸಿಕೊಳ್ಳುವುದು, ಕೊನೆಗೆ ರಿಪೇರಿ.

ಉಬುಂಟು, ಮಿಂಟ್, ಡೆಬಿಯನ್, ಫೆಡೋರಾ ಬಳಸುವವರಿಗೆಲ್ಲ ಇದು ಅನ್ವಯಿಸುತ್ತದೆ. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ನಡುವಿನ ಖಾಲಿ ಜಾಗ, ಅಡ್ಡಗೆರೆ, ಸ್ಲ್ಯಾಶ್ ಇಲ್ಲಿ ಇರುವಂತೆಯೇ ಇರಲಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ.

## ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದದ್ದು

ಒಂದು ಲೈವ್ ಪೆನ್‌ಡ್ರೈವ್, ಅಂದರೆ ಒಳಗಿನ ಡಿಸ್ಕ್ ಬಳಸದೆ ಅದರಿಂದಲೇ ಲಿನಕ್ಸ್ ಶುರುಮಾಡಬಹುದಾದ ಪೆನ್‌ಡ್ರೈವ್. ಉಬುಂಟು ಡೆಸ್ಕ್‌ಟಾಪ್ ಇಮೇಜ್ ಸುಮಾರು 6 ಜಿಬಿ ಇರುತ್ತದೆ. 8 ಜಿಬಿ ಪೆನ್‌ಡ್ರೈವ್ ಸಾಕು, 16 ಇದ್ದರೆ ಒಳ್ಳೆಯದು. ವಿಂಡೋಸ್‌ನಲ್ಲಿ ರೂಫಸ್ ಎಂಬ ಸಾಫ್ಟ್‌ವೇರ್ ಬಳಸಿ ಇದನ್ನು ತಯಾರಿಸಬಹುದು. ಮೇ ತಿಂಗಳಲ್ಲೇ ಮಾಡಿಟ್ಟುಕೊಳ್ಳಿ. ಮಳೆ ಹಿಡಿದ ಮೇಲೆ ಕರೆಂಟ್ ಜೊತೆ ಟವರ್ ಕೂಡ ಹೋಗುತ್ತದೆ, ಆಗ 6 ಜಿಬಿ ಡೌನ್‌ಲೋಡ್ ಮಾಡುವ ಮಾತು ಬಿಡಿ.

ಕೆಟ್ಟಿರುವ ಡಿಸ್ಕಿನಲ್ಲಿರುವಷ್ಟು ಜಾಗ ಖಾಲಿ ಇರುವ ಇನ್ನೊಂದು ಡಿಸ್ಕ್ ಬೇಕು. ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಒಂದು ಬದಲಿ ಸಾಟಾ ಕೇಬಲ್, ಸಣ್ಣ ಸ್ಕ್ರೂಡ್ರೈವರ್, ನಾಣ್ಯದಂಥ ಒಂದು ಸಿಆರ್2032 ಬ್ಯಾಟರಿ ಇರಲಿ. ಫೋನ್ ಕ್ಯಾಮೆರಾ ಹೇಗೂ ಇದೆ. ಸ್ಕ್ರೀನ್ ಮೇಲೆ ಏನು ಬಂದರೂ ಮೊದಲು ಫೋಟೋ ತೆಗೆಯಿರಿ, ಆಮೇಲೆ ಕೀಬೋರ್ಡ್ ಮುಟ್ಟಿ.

ಇವೆಲ್ಲಕ್ಕಿಂತ ಮೊದಲು ಬೇಕಾದದ್ದು ಸ್ಥಿರವಾದ ಕರೆಂಟ್. ಹತ್ತು ನಿಮಿಷಕ್ಕೊಮ್ಮೆ ಬಂದು ಹೋಗುತ್ತಿದ್ದರೆ ಮಷಿನ್ ಆಫ್ ಮಾಡಿ, ಪ್ಲಗ್ ಕಿತ್ತು ಸುಮ್ಮನಿರಿ. ರಿಪೇರಿ ನಡುವೆ ಇನ್ನೊಮ್ಮೆ ಕರೆಂಟ್ ಹೋದರೆ ಮೊದಲ ಸಲಕ್ಕಿಂತ ಹೆಚ್ಚು ಹಾನಿ ಆಗಬಹುದು. ಡಿಸ್ಕ್ ತೆಗೆದು ಲ್ಯಾಪ್‌ಟಾಪ್‌ಗೆ ಹಾಕಿ ನೋಡುವುದಾದರೆ ಇನ್ನೂ ಒಳ್ಳೆಯದು, ಬ್ಯಾಟರಿ ಕಾಯುತ್ತದೆ.

## ಹಂತ 1: ಎಲ್ಲಿ ನಿಂತಿದೆ ಎಂದು ಗುರುತಿಸಿ

ಕಂಪ್ಯೂಟರ್ ಆನ್ ಆದಾಗ ಮೊದಲು ಬಯೋಸ್ (ಮದರ್‌ಬೋರ್ಡಿನದೇ ಸಾಫ್ಟ್‌ವೇರ್), ನಂತರ ಗ್ರಬ್ ಮೆನು (ಯಾವ ಸಿಸ್ಟಮ್ ಶುರುವಾಗಬೇಕು ಎಂಬ ಪಟ್ಟಿ), ಅದಾದ ಮೇಲೆ ಕರ್ನಲ್ (ಲಿನಕ್ಸ್‌ನ ಮೂಲ ಭಾಗ) ಮತ್ತು ಇನಿಟ್‌ರಾಮ್‌ಎಫ್‌ಎಸ್ ಬರುತ್ತವೆ. ಇನಿಟ್‌ರಾಮ್‌ಎಫ್‌ಎಸ್ ಅಂದರೆ ಮುಖ್ಯ ಡಿಸ್ಕನ್ನು ಹುಡುಕಿಕೊಡುವ ಪುಟ್ಟ ತಾತ್ಕಾಲಿಕ ಸಿಸ್ಟಮ್. ಮುಖ್ಯ ಡಿಸ್ಕ್, ಅಂದರೆ ರೂಟ್, ಮೌಂಟ್ ಆದ ಮೇಲೆ (ಬಳಸಲು ಸಿಗುವಂತೆ ಸಿಸ್ಟಮ್‌ಗೆ ಸೇರಿದ ಮೇಲೆ) ಉಳಿದೆಲ್ಲವನ್ನೂ ಶುರುಮಾಡುವ ಸಿಸ್ಟಮ್‌ಡಿ ಬಂದು ಉಳಿದ ಡಿಸ್ಕ್‌ಗಳನ್ನು ಸೇರಿಸುತ್ತದೆ. ನಿಂತ ಜಾಗ ಗೊತ್ತಾದರೆ ಅರ್ಧ ಕೆಲಸ ಆದಂತೆ.

'ನೋ ಬೂಟಬಲ್ ಡಿವೈಸ್' ಎಂದು ಬಂದರೆ ಬಯೋಸ್‌ಗೆ ಡಿಸ್ಕ್ ಕಾಣುತ್ತಿಲ್ಲ, ಅಥವಾ ಬೂಟ್ ಕ್ರಮ ಬದಲಾಗಿದೆ. ಹಂತ 2ಕ್ಕೆ ಹೋಗಿ.

ಎಡಗಡೆ ಬ್ರಾಕೆಟ್‌ನಲ್ಲಿ 'ಇನಿಟ್‌ರಾಮ್‌ಎಫ್‌ಎಸ್' ಎಂಬ ಪ್ರಾಂಪ್ಟ್ ಬಂದು ನಿಂತರೆ ರೂಟ್ ಡಿಸ್ಕೇ ಸಿಕ್ಕಿಲ್ಲ, ಅಥವಾ ಅದರಲ್ಲಿ ದೋಷವಿದೆ. ಹಂತ 2 ನೋಡಿ, ಆಮೇಲೆ 5ಕ್ಕೆ ಹೋಗಿ.

'ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್' ಎಂದು ಸಾಲು ಬಂದು, ಪಕ್ಕದಲ್ಲಿ 1 ನಿಮಿಷ 30 ಸೆಕೆಂಡ್‌ವರೆಗೆ ಎಣಿಸಿ, ಆಮೇಲೆ ಎಮರ್ಜೆನ್ಸಿ ಮೋಡ್‌ಗೆ ಬಿದ್ದರೆ ರೂಟ್ ಚೆನ್ನಾಗಿದೆ. ಬೇರೆ ಯಾವುದೋ ಡಿಸ್ಕ್ ಕೈಕೊಟ್ಟಿದೆ. ಹಂತ 3 ಮತ್ತು 4 ನಿಮಗೆ. ನನಗೆ ಬರುವ ಫೋಟೋಗಳಲ್ಲಿ ಇದೇ ಹೆಚ್ಚು.

'ರಿಕವರಿಂಗ್ ಜರ್ನಲ್' ಎಂದು ಬಂದು ಡಿಸ್ಕ್ ಲೈಟ್ ಮಿನುಗುತ್ತಿದ್ದರೆ ಏನನ್ನೂ ಮುಟ್ಟಬೇಡಿ. ಅರ್ಧಕ್ಕೆ ನಿಂತ ಬರವಣಿಗೆಯನ್ನು ಅದೇ ಸರಿಮಾಡಿಕೊಳ್ಳುತ್ತಿದೆ. ಹಳೆಯ ದೊಡ್ಡ ಹಾರ್ಡ್‌ಡಿಸ್ಕ್‌ನಲ್ಲಿ ತಡವಾಗಬಹುದು. ಹ್ಯಾಂಗ್ ಆಗಿದೆ ಅಂದುಕೊಂಡು ಪವರ್ ಬಟನ್ ಒತ್ತಿ ಹಿಡಿಯುವುದು ಇಲ್ಲಿ ಮಾಡುವ ದೊಡ್ಡ ತಪ್ಪು.

## ಹಂತ 2: ತಂತಿ, ಬ್ಯಾಟರಿ, ಬಯೋಸ್

ಮಷಿನ್ ಆಫ್ ಮಾಡಿ, ಪ್ಲಗ್ ಕಿತ್ತು, ಡಿಸ್ಕಿನ ಸಾಟಾ ಕೇಬಲ್ಲಿನ ಎರಡೂ ತುದಿ ಬಿಚ್ಚಿ ಮತ್ತೆ ಒತ್ತಿ ಕೂರಿಸಿ. ನಮ್ಮಲ್ಲಿ ಮಳೆಗಾಲದ ತೇವಕ್ಕೆ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಕನೆಕ್ಟರ್‌ಗಳ ಮೇಲೆ ಮಬ್ಬು ಕೂರುವುದರಲ್ಲಿ ಆಶ್ಚರ್ಯವಿಲ್ಲ. ಕೇಬಲ್ ಬದಲಿಸಿದರೆ ಸರಿಹೋಗುವ ಕೇಸುಗಳಿವೆ.

ನಂತರ ಬಯೋಸ್ ಒಳಗೆ ಹೋಗಿ ತಾರೀಖು ನೋಡಿ. ವರ್ಷಗಟ್ಟಲೆ ಹಿಂದಿನ ತಾರೀಖು ಇದ್ದರೆ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದೆ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಎರಡು ತೊಂದರೆ ತರುತ್ತದೆ. ಒಂದು, ಡಿಸ್ಕ್ ಚೆಕ್ ಮಾಡುವಾಗ 'ಸೂಪರ್‌ಬ್ಲಾಕ್ ಲಾಸ್ಟ್ ಮೌಂಟ್ ಟೈಮ್ ಈಸ್ ಇನ್ ದ ಫ್ಯೂಚರ್' ಎಂಬ ದೂರು ಬರುತ್ತದೆ (ಸೂಪರ್‌ಬ್ಲಾಕ್ ಅಂದರೆ ಡಿಸ್ಕ್ ತನ್ನ ಮುಖ್ಯ ವಿವರ ಬರೆದಿಟ್ಟುಕೊಂಡಿರುವ ಜಾಗ). ಡಿಸ್ಕಿನ ಪ್ರಕಾರ ಅದು ಕೊನೆಗೆ ಮೌಂಟ್ ಆದದ್ದು ನಾಳೆ! ಇನ್ನೊಂದು, ಬಯೋಸ್ ಸೆಟ್ಟಿಂಗ್‌ಗಳೆಲ್ಲ ಫ್ಯಾಕ್ಟರಿ ಸ್ಥಿತಿಗೆ ಹೋಗುತ್ತವೆ. ಬಯೋಸ್ ಡಿಸ್ಕ್ ಜೊತೆ ಮಾತಾಡುವ ರೀತಿ, ಅಂದರೆ ಸಾಟಾ ಮೋಡ್, ಎಎಚ್‌ಸಿಐಯಿಂದ ರೈಡ್‌ಗೆ ಹಾರಿದರೆ ನಿನ್ನೆಯವರೆಗೆ ಕಾಣುತ್ತಿದ್ದ ಡಿಸ್ಕ್ ಇವತ್ತು ಲಿನಕ್ಸ್‌ಗೆ ಕಾಣದೇ ಹೋಗಬಹುದು. ಬ್ಯಾಟರಿ ಬದಲಿಸಿ, ತಾರೀಖು ಸರಿಮಾಡಿ, ಮೋಡನ್ನು ಮೊದಲಿದ್ದಂತೆ ಇಡಿ.

ಬಯೋಸ್‌ನಲ್ಲೇ ಡಿಸ್ಕಿನ ಹೆಸರು ಕಾಣದಿದ್ದರೆ ಯಾವ ಕಮಾಂಡ್‌ನಿಂದಲೂ ಪ್ರಯೋಜನವಿಲ್ಲ. ಕೇಬಲ್, ಪೋರ್ಟ್, ಇಲ್ಲವೇ ಡಿಸ್ಕ್ ಬದಲಿಸುವ ಮಾತು.

## ಹಂತ 3: ಎಮರ್ಜೆನ್ಸಿ ಮೋಡ್‌ನಲ್ಲಿ ಓದಬೇಕಾದ ಸಾಲು

ಅಲ್ಲಿ ರೂಟ್ ಪಾಸ್‌ವರ್ಡ್ (ಇಲ್ಲಿ ರೂಟ್ ಅಂದರೆ ಡಿಸ್ಕ್ ಅಲ್ಲ, ಅಡ್ಮಿನ್ ಖಾತೆ) ಕೇಳುತ್ತದೆ, ಅಥವಾ ಎಂಟರ್ ಒತ್ತಲು ಹೇಳುತ್ತದೆ. 'ರೂಟ್ ಅಕೌಂಟ್ ಈಸ್ ಲಾಕ್ಡ್' ಎಂದು ಬಂದು ಒಳಗೆ ಬಿಡದಿದ್ದರೆ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಮುಂದಿನ ಕೆಲಸ ಮಾಡಿ. ಲೈವ್‌ನಲ್ಲಿ ಪ್ರತಿ ಕಮಾಂಡಿನ ಶುರುವಿನಲ್ಲಿ 'ಸುಡೊ' ಸೇರಿಸಬೇಕು.

ಒಳಗೆ ಹೋದ ಮೇಲೆ ಮೂರು ಕಮಾಂಡ್ ಸಾಕು. ಮೂರೂ ಬರೀ ನೋಡುವಂಥವು, ಏನನ್ನೂ ಬದಲಿಸುವುದಿಲ್ಲ. ಲೈವ್‌ನಲ್ಲಿ ಮೊದಲ ಎರಡು ಪೆನ್‌ಡ್ರೈವ್‌ನ ಕಥೆಯನ್ನೇ ಹೇಳುತ್ತವೆ, ಹಾಗಾಗಿ ಮೂರನೆಯದನ್ನು ಮಾತ್ರ ನೋಡಿ.

'ಸಿಸ್ಟಮ್‌ಸಿಟಿಎಲ್ --ಫೇಲ್ಡ್' ಯಾವ ಮೌಂಟ್ ಸೋತಿದೆ ಎಂದು ಹೆಸರು ಹೇಳುತ್ತದೆ.

'ಜರ್ನಲ್‌ಸಿಟಿಎಲ್ -ಎಕ್ಸ್‌ಬಿ' ಈ ಸಲದ ಬೂಟಿನ ಇಡೀ ಕಥೆ. ಉದ್ದ ನೋಡಿ ಹೆದರಬೇಡಿ. 'ಟೈಮ್ಡ್ ಔಟ್ ವೇಟಿಂಗ್ ಫಾರ್ ಡಿವೈಸ್', 'ಡಿಪೆಂಡೆನ್ಸಿ ಫೇಲ್ಡ್', 'ಐ/ಓ ಎರರ್' ಎಂಬ ಪದಗಳನ್ನು ಹುಡುಕಿ. ಸ್ಲ್ಯಾಶ್ ಒತ್ತಿ ಪದ ಟೈಪ್ ಮಾಡಿದರೆ ಅಲ್ಲಿಗೇ ಹೋಗುತ್ತದೆ.

'ಎಲ್‌ಎಸ್‌ಬಿಎಲ್‌ಕೆ -ಎಫ್' ಈಗ ಕಾಣುತ್ತಿರುವ ಡಿಸ್ಕ್‌ಗಳು, ಅವುಗಳ ಫೈಲ್‌ಸಿಸ್ಟಮ್ (ಇಎಕ್ಸ್‌ಟಿ4ನಂಥ, ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಮತ್ತು ಯುಯುಐಡಿ (ಅದನ್ನು ಗುರುತಿಸುವ ಉದ್ದನೆಯ ಸಂಖ್ಯೆ) ತೋರಿಸುತ್ತದೆ.

'ಟೈಮ್ಡ್ ಔಟ್' ಬಂದಿದ್ದರೆ ಡಿಸ್ಕ್ ಸಿಕ್ಕಿಲ್ಲ ಎಂದರ್ಥ, ಹಂತ 4ಕ್ಕೆ ಹೋಗಿ. ಬರೀ 'ಡಿಪೆಂಡೆನ್ಸಿ ಫೇಲ್ಡ್' ಇದ್ದರೆ ಅದಕ್ಕಿಂತ ಮೇಲಿನ ಸಾಲುಗಳನ್ನು ನೋಡಿ. ಅದು ಪರಿಣಾಮ ಮಾತ್ರ, ಕಾರಣ ಮೇಲೆ ಇರುತ್ತದೆ. 'ಐ/ಓ ಎರರ್' ಕಂಡರೆ ಎಲ್ಲ ಬಿಟ್ಟು ನೇರ ಹಂತ 7ಕ್ಕೆ ಹೋಗಿ.

## ಹಂತ 4: ಎಫ್‌ಎಸ್‌ಟ್ಯಾಬ್, ಅರ್ಧಕ್ಕರ್ಧ ತೊಂದರೆ ಇಲ್ಲೇ

'/ಇಟಿಸಿ/ಎಫ್‌ಎಸ್‌ಟ್ಯಾಬ್' ಎಂಬ ಫೈಲ್‌ನಲ್ಲಿ ಶುರುವಾಗುವಾಗ ಮೌಂಟ್ ಆಗಬೇಕಾದ ಡಿಸ್ಕ್‌ಗಳ ಪಟ್ಟಿ ಇರುತ್ತದೆ. ಅದು ಎಸ್ಟೇಟಿನ ಚೆಕ್‌ರೋಲ್, ಅಂದರೆ ಕೆಲಸದವರ ಹಾಜರಿ ಪುಸ್ತಕ, ಇದ್ದಂತೆ. ಬೆಳಿಗ್ಗೆ ರೈಟರ್ (ಎಸ್ಟೇಟಿನ ಗುಮಾಸ್ತ) ಹೆಸರು ಕೂಗುತ್ತಾರೆ. ಆದರೆ ಈ ರೈಟರ್ ಬಹಳ ಕಟ್ಟುನಿಟ್ಟು: ಒಬ್ಬ ಬರದಿದ್ದರೂ ಒಂದೂವರೆ ನಿಮಿಷ ಕಾದು, ಆಮೇಲೆ ಇಡೀ ಗ್ಯಾಂಗಿನ ಕೆಲಸವನ್ನೇ ನಿಲ್ಲಿಸುತ್ತಾನೆ.

ಮಾಮೂಲಿ ಕಥೆ ಹೀಗಿರುತ್ತದೆ. ಆಫೀಸಿನಲ್ಲಿ ಬ್ಯಾಕಪ್‌ಗೆಂದು ಯುಎಸ್‌ಬಿ ಹಾರ್ಡ್‌ಡಿಸ್ಕ್ ಇಟ್ಟಿರುತ್ತಾರೆ. ಯಾರೋ ಅದನ್ನು ಎಫ್‌ಎಸ್‌ಟ್ಯಾಬ್‌ಗೆ ಸೇರಿಸಿರುತ್ತಾರೆ. ಗುಡುಗು ಸಿಡಿಲಿಗೆ ಹೆದರಿ ಇನ್ಯಾರೋ ಅದನ್ನು ಕಿತ್ತು ಡ್ರಾಯರ್‌ನಲ್ಲಿ ಇಡುತ್ತಾರೆ. ಮರುದಿನ ಕಂಪ್ಯೂಟರ್ ಆನ್ ಆಗುವುದಿಲ್ಲ. ಕರೆಂಟ್ ಹೋದದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಡಿಸ್ಕ್ ಮತ್ತೆ ಚುಚ್ಚಿ ರೀಸ್ಟಾರ್ಟ್ ಮಾಡಿದರೆ ಮುಗಿಯಿತು!

ಪ್ರತಿ ಸಾಲಿನಲ್ಲಿ ಆರು ಭಾಗ ಇರುತ್ತವೆ: ಯಾವ ಡಿಸ್ಕ್, ಎಲ್ಲಿ ಸೇರಿಸಬೇಕು, ಯಾವ ಫೈಲ್‌ಸಿಸ್ಟಮ್, ಆಯ್ಕೆಗಳು, ಡಂಪ್, ಚೆಕ್ ಕ್ರಮ. ಡಂಪ್ ಈಗ ಯಾರೂ ಬಳಸುವುದಿಲ್ಲ, 0 ಇರಲಿ. ಚೆಕ್ ಕ್ರಮದಲ್ಲಿ ರೂಟ್‌ಗೆ 1, ಉಳಿದವಕ್ಕೆ 2, ಚೆಕ್ ಬೇಡವೆಂದರೆ 0.

ಲೈವ್‌ನಲ್ಲಿದ್ದರೆ ಮೊದಲು ನಿಮ್ಮ ರೂಟ್ ಪಾರ್ಟಿಷನ್ (ಡಿಸ್ಕಿನ ಭಾಗ) ಅನ್ನು '/ಎಂಎನ್‌ಟಿ'ಗೆ ಮೌಂಟ್ ಮಾಡಿ, ಕೆಳಗಿನ '/ಇಟಿಸಿ' ಬದಲು '/ಎಂಎನ್‌ಟಿ/ಇಟಿಸಿ' ಬಳಸಿ. ತೆರೆಯುವ ಮೊದಲು ಒಂದು ನಕಲು ಮಾಡಿಕೊಳ್ಳಿ: 'ಸಿಪಿ /ಇಟಿಸಿ/ಎಫ್‌ಎಸ್‌ಟ್ಯಾಬ್ /ಇಟಿಸಿ/ಎಫ್‌ಎಸ್‌ಟ್ಯಾಬ್.ಓಲ್ಡ್'. 'ರೀಡ್ ಓನ್ಲಿ' ಎಂದು ತಕರಾರು ಮಾಡಿದರೆ 'ಮೌಂಟ್ -ಓ ರಿಮೌಂಟ್,ಆರ್‌ಡಬ್ಲ್ಯೂ /' ಕೊಡಿ. ಆದರೆ ಲಾಗ್‌ನಲ್ಲಿ ರೂಟ್ ಡಿಸ್ಕ್ ಮೇಲೇ ಎರರ್ ಕಂಡಿದ್ದರೆ ಹೀಗೆ ಮಾಡಬೇಡಿ. ದೋಷ ಕಂಡು ಸಿಸ್ಟಮ್ ತಾನೇ ಬರೆಯುವುದನ್ನು ನಿಲ್ಲಿಸಿದೆ ಅಂದರೆ ಅದಕ್ಕೊಂದು ಕಾರಣವಿದೆ.

ಈಗ 'ನ್ಯಾನೋ /ಇಟಿಸಿ/ಎಫ್‌ಎಸ್‌ಟ್ಯಾಬ್' ಕೊಟ್ಟು ಫೈಲನ್ನು ನ್ಯಾನೋ ಎಂಬ ಎಡಿಟರ್‌ನಲ್ಲಿ ತೆರೆದು, 'ಎಲ್‌ಎಸ್‌ಬಿಎಲ್‌ಕೆ -ಎಫ್' ಕೊಟ್ಟ ಪಟ್ಟಿಯ ಜೊತೆ ಒಂದೊಂದೇ ಸಾಲು ಹೋಲಿಸಿ. ಈ ತಪ್ಪುಗಳನ್ನು ಹುಡುಕಿ:

ಡಿಸ್ಕಿನ ಹೆಸರು '/ಡೆವ್/ಎಸ್‌ಡಿಬಿ1' ಎಂದು ಬರೆದಿದ್ದರೆ ಅದೇ ಅಪಾಯ. ಒಂದು ಪೆನ್‌ಡ್ರೈವ್ ಜಾಸ್ತಿ ಚುಚ್ಚಿದರೂ ಈ ಹೆಸರುಗಳು ಅದಲುಬದಲಾಗಬಹುದು. ಯುಯುಐಡಿ ಬಳಸಿ. ಆ ಪದ ಮಾತ್ರ ದೊಡ್ಡಕ್ಷರದಲ್ಲಿ ಇರಬೇಕು.

ಡಿಸ್ಕನ್ನು ಫಾರ್ಮ್ಯಾಟ್ ಮಾಡಿದ್ದರೆ ಯುಯುಐಡಿ ಬದಲಾಗಿದೆ. ಸ್ವಾಪ್ ಪಾರ್ಟಿಷನ್ (ರ‍್ಯಾಮ್ ಸಾಲದಾದಾಗ ಬಳಸುವ ಭಾಗ) ಹೊಸದಾಗಿ ಮಾಡಿದಾಗಲೂ ಇದೇ ಕಥೆ, ಅದನ್ನು ಬಹಳ ಜನ ಮರೆಯುತ್ತಾರೆ.

ಫೋಲ್ಡರ್ ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಸಾಲು ತುಂಡಾಗುತ್ತದೆ. ಆ ಜಾಗದಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಿ 040 ಬರೆಯಬೇಕು. ಹೆಸರೇ ಬದಲಿಸುವುದು ಸುಲಭ, ಅಲ್ವಾ?

'ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್' ಎಂದು ಬಂದರೆ ಸೂಪರ್‌ಬ್ಲಾಕ್ ಹೋಯಿತು ಎಂದು ಕೂಗಬೇಡಿ. ಸುಮಾರು ಕಾರಣಗಳಿಗೆ ಅದು ಇದೊಂದೇ ಮಾತು ಹೇಳುತ್ತದೆ. ಆಯ್ಕೆಯಲ್ಲಿ ಒಂದಕ್ಷರ ತಪ್ಪಿದ್ದರೂ ಹೀಗೇ ಬರುತ್ತದೆ. ನಿಜವಾದ ಕಾರಣ 'ಡಿಮೆಸ್ಗ್' ಕಮಾಂಡಿನ ಕೊನೆಯ ಕೆಲವು ಸಾಲುಗಳಲ್ಲಿರುತ್ತದೆ. ಟೈಪ್ ಮಾಡುವಾಗ ಡಿ, ಎಂ, ಇ, ಎಸ್, ಜಿ ಎಂಬ ಐದಕ್ಷರ.

ಬ್ಯಾಕಪ್ ಡಿಸ್ಕ್ ಸಾಲು ಹೀಗಿರಲಿ:

ಯುಯುಐಡಿ=ನಿಮ್ಮ-ಡಿಸ್ಕಿನದು /ಬ್ಯಾಕಪ್ ಇಎಕ್ಸ್‌ಟಿ4 ಡಿಫಾಲ್ಟ್ಸ್,ನೋಫೇಲ್,ಎಕ್ಸ್-ಸಿಸ್ಟಮ್‌ಡಿ.ಡಿವೈಸ್-ಟೈಮ್‌ಔಟ್=10ಎಸ್ 0 2

'ನೋಫೇಲ್' ಅಂದರೆ ಇವನು ಬರದಿದ್ದರೆ ಉಳಿದವರು ಕೆಲಸಕ್ಕೆ ಹೋಗಲಿ ಎಂದು ರೈಟರ್‌ಗೆ ಹೇಳಿದಂತೆ. ಟೈಮ್‌ಔಟ್ 10 ಸೆಕೆಂಡ್ ಕೊಟ್ಟರೆ 90 ಸೆಕೆಂಡ್ ಹುಡುಕಾಟ ತಪ್ಪುತ್ತದೆ. ರೂಟ್ ಸಾಲಿಗೆ ಮಾತ್ರ ನೋಫೇಲ್ ಹಾಕಬೇಡಿ.

ನೋಫೇಲ್‌ಗೂ ಒಂದು ಮಗ್ಗುಲು ಮುಳ್ಳಿದೆ. ಡಿಸ್ಕ್ ಇಲ್ಲದೆಯೂ ಸಿಸ್ಟಮ್ ಆನ್ ಆಗುವುದರಿಂದ, ರಾತ್ರಿ ಓಡುವ ಬ್ಯಾಕಪ್ ಸ್ಕ್ರಿಪ್ಟ್ ಆ ಖಾಲಿ '/ಬ್ಯಾಕಪ್' ಫೋಲ್ಡರ್‌ಗೇ ಬರೆಯುತ್ತಾ ಹೋಗುತ್ತದೆ. ಬರೆದದ್ದೆಲ್ಲ ರೂಟ್ ಡಿಸ್ಕ್ ಮೇಲೆ ಬೀಳುತ್ತದೆ. ಒಂದು ದಿನ ರೂಟ್ ತುಂಬಿ ಲಾಗಿನ್ ಕೂಡ ಆಗುವುದಿಲ್ಲ. ಸ್ಕ್ರಿಪ್ಟಿನ ಕಮಾಂಡ್‌ಗಳು ಶುರುವಾಗುವಲ್ಲೇ 'ಮೌಂಟ್‌ಪಾಯಿಂಟ್ -ಕ್ಯೂ /ಬ್ಯಾಕಪ್ || ಎಕ್ಸಿಟ್ 1' ಹಾಕಿಬಿಡಿ. ಡಿಸ್ಕ್ ಇಲ್ಲದಿದ್ದರೆ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತದೆ.

ಬದಲಿಸಿದ ಮೇಲೆ ರೀಸ್ಟಾರ್ಟ್ ಮಾಡುವ ಅವಸರ ಬೇಡ. 'ಫೈಂಡ್‌ಎಂಎನ್‌ಟಿ --ವೆರಿಫೈ' ಓಡಿಸಿ, ಸಾಲುಗಳಲ್ಲಿ ತಪ್ಪಿದ್ದರೆ ಹೇಳುತ್ತದೆ. ನಂತರ 'ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್', ಆಮೇಲೆ 'ಮೌಂಟ್ -ಎ'. ಏನೂ ಹೇಳದೆ ಪ್ರಾಂಪ್ಟ್ ವಾಪಸ್ ಬಂದರೆ ಎಲ್ಲ ಸರಿ. ಈಗ 'ಸಿಸ್ಟಮ್‌ಸಿಟಿಎಲ್ ರೀಬೂಟ್' ಕೊಡಿ. ಈ ಮೂರು ಕಮಾಂಡ್‌ಗಳು ಎಮರ್ಜೆನ್ಸಿ ಮೋಡ್‌ನಲ್ಲಿ ಓಡಿಸಲು. ಲೈವ್‌ನಿಂದ ತಿದ್ದಿದ್ದರೆ ಅವು ಪೆನ್‌ಡ್ರೈವ್‌ನ ಎಫ್‌ಎಸ್‌ಟ್ಯಾಬನ್ನೇ ನೋಡುತ್ತವೆ, ಹಾಗಾಗಿ ಸಾಲನ್ನು ಎರಡು ಸಲ ಕಣ್ಣಾರೆ ಓದಿ ರೀಸ್ಟಾರ್ಟ್ ಮಾಡಿ.

### ನೆಟ್‌ವರ್ಕ್ ಡಿಸ್ಕ್ ಇದ್ದರೆ

ಆಫೀಸಿನಲ್ಲಿ ನ್ಯಾಸ್ ಬಾಕ್ಸ್ (ನೆಟ್‌ವರ್ಕ್ ಮೂಲಕ ಎಲ್ಲರೂ ಬಳಸುವ ಡಿಸ್ಕ್ ಪೆಟ್ಟಿಗೆ) ಇದ್ದರೆ ಕರೆಂಟ್ ಬಂದ ಕೂಡಲೇ ಅದೂ ಕಂಪ್ಯೂಟರೂ ಒಟ್ಟಿಗೆ ಎದ್ದೇಳುತ್ತವೆ. ನ್ಯಾಸ್ ನಿಧಾನ. ಅದು ತಯಾರಾಗುವ ಮೊದಲೇ ಕಂಪ್ಯೂಟರ್ ಹುಡುಕಿ ಸೋಲುತ್ತದೆ. ಆ ಸಾಲಿಗೆ '_ನೆಟ್‌ಡೆವ್,ನೋಫೇಲ್,ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್' ಸೇರಿಸಿ. ಯಾರಾದರೂ ಫೋಲ್ಡರ್ ತೆರೆದಾಗ ಮಾತ್ರ ಮೌಂಟ್ ಆಗುತ್ತದೆ.

### ವಿಂಡೋಸ್ ಡಿಸ್ಕ್ ಇದ್ದರೆ

ಒಂದೇ ಮಷಿನ್‌ನಲ್ಲಿ ವಿಂಡೋಸ್ ಕೂಡ ಇದ್ದು, ಎನ್‌ಟಿಎಫ್‌ಎಸ್ ಡ್ರೈವ್ ಮೌಂಟ್ ಆಗದಿದ್ದರೆ ಅಥವಾ ಓದಲು ಮಾತ್ರ ಸಿಕ್ಕರೆ, ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ನೋಡಿ. ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಗೆ ಹೋಗುತ್ತದೆ. ವಿಂಡೋಸ್‌ಗೆ ಹೋಗಿ ಪವರ್ ಆಪ್ಷನ್ಸ್‌ನಲ್ಲಿ ಅದರ ಟಿಕ್ ತೆಗೆಯಿರಿ, ನಂತರ ಒಮ್ಮೆ ರೀಸ್ಟಾರ್ಟ್ ಮಾಡಿ. ಡ್ರೈವ್ ಚೆಕ್ ಮಾಡುವ ಕೆಲಸವನ್ನೂ ವಿಂಡೋಸ್‌ಗೇ ಬಿಡುವುದು ಒಳ್ಳೆಯದು. ಲಿನಕ್ಸ್‌ನ 'ಎನ್‌ಟಿಎಫ್‌ಎಸ್‌ಫಿಕ್ಸ್' ಕೆಲವು ಸಣ್ಣ ದೋಷಗಳನ್ನಷ್ಟೇ ಸರಿಮಾಡುತ್ತದೆ.

## ಹಂತ 5: ಇನಿಟ್‌ರಾಮ್‌ಎಫ್‌ಎಸ್ ಪ್ರಾಂಪ್ಟ್‌ನಲ್ಲಿ ನಿಂತರೆ

ಪ್ರಾಂಪ್ಟಿನ ಮೇಲಿನ ಸಾಲುಗಳಲ್ಲಿ ಎರಡರಲ್ಲಿ ಒಂದು ಮಾತು ಇರುತ್ತದೆ. ಕಾಣದಿದ್ದರೆ 'ಎಕ್ಸಿಟ್' ಕೊಟ್ಟು ನೋಡಿ, ಮತ್ತೊಮ್ಮೆ ಬರುತ್ತದೆ.

'ಅನ್‌ಎಕ್ಸ್‌ಪೆಕ್ಟೆಡ್ ಇನ್‌ಕನ್ಸಿಸ್ಟೆನ್ಸಿ' ಎಂದಿದ್ದರೆ ರೂಟ್ ಸಿಕ್ಕಿದೆ, ಆದರೆ ದೋಷವಿದೆ. ಯಾವ ಪಾರ್ಟಿಷನ್ ಎಂದು ಅದೇ ಸಾಲಿನಲ್ಲಿ ಬರೆದಿರುತ್ತದೆ. ಗುರುತು ಹಾಕಿಕೊಂಡು ಹಂತ 6ಕ್ಕೆ ಹೋಗಿ.

'ಅಲರ್ಟ್! ಯುಯುಐಡಿ ಡಸ್ ನಾಟ್ ಎಕ್ಸಿಸ್ಟ್' ಎಂದಿದ್ದರೆ 'ಬಿಎಲ್‌ಕೆಐಡಿ' ಕಮಾಂಡ್ ಕೊಟ್ಟು ನೋಡಿ. ಪಟ್ಟಿಯಲ್ಲಿ ಡಿಸ್ಕೇ ಇಲ್ಲವೆಂದರೆ ಹಂತ 2ಕ್ಕೆ ವಾಪಸ್. ಡಿಸ್ಕ್ ಇದ್ದು ಯುಯುಐಡಿ ಬೇರೆ ಇದ್ದರೆ ಯಾರೋ ಡಿಸ್ಕನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿ ಫೈಲ್‌ಗಳನ್ನು ಕಾಪಿ ಮಾಡಿರಬಹುದು, ಗ್ರಬ್‌ನಲ್ಲೂ ಎಫ್‌ಎಸ್‌ಟ್ಯಾಬ್‌ನಲ್ಲೂ ತಿದ್ದಬೇಕು.

ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಿದ್ದರೆ ಹೊಸ ಕರ್ನಲ್ಲಿನ ಇನಿಟ್‌ರಾಮ್‌ಎಫ್‌ಎಸ್ ಅರ್ಧಂಬರ್ಧ ಉಳಿದಿರಬಹುದು. ರೀಸ್ಟಾರ್ಟ್ ಮಾಡಿ, ಗ್ರಬ್ ಮೆನುವಿನ 'ಅಡ್ವಾನ್ಸ್ಡ್ ಆಪ್ಷನ್ಸ್'ನಲ್ಲಿ ಹಳೆಯ ಕರ್ನಲ್ ಆರಿಸಿ. ಅದು ಎದ್ದರೆ ಉಬುಂಟು, ಡೆಬಿಯನ್‌ನಲ್ಲಿ 'ಡಿಪಿಕೆಜಿ --ಕಾನ್ಫಿಗರ್ -ಎ', ನಂತರ 'ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್', ಕೊನೆಗೆ 'ಅಪ್‌ಡೇಟ್-ಗ್ರಬ್'. ಮೂರಕ್ಕೂ 'ಸುಡೊ' ಬೇಕು. ಫೆಡೋರಾದಲ್ಲಿ 'ಸುಡೊ ಡ್ರಾಕಟ್ -ಎಫ್ --ರೀಜನರೇಟ್-ಆಲ್'. ಜಾಗ ಉಳಿಸಲು ಹಳೆಯ ಕರ್ನಲ್‌ಗಳನ್ನೆಲ್ಲ ಅಳಿಸಿಹಾಕುವ ಅಭ್ಯಾಸವಿದ್ದರೆ ಬಿಡಿ, ಒಂದಾದರೂ ಇರಲಿ.

## ಹಂತ 6: ಎಫ್‌ಎಸ್‌ಸಿಕೆ, ಅದೂ ಎಚ್ಚರದಿಂದ

ಎಫ್‌ಎಸ್‌ಸಿಕೆ ಅಂದರೆ ಫೈಲ್‌ಸಿಸ್ಟಮ್ ಪರೀಕ್ಷಿಸಿ ರಿಪೇರಿ ಮಾಡುವ ಕಮಾಂಡ್. ಇಎಕ್ಸ್‌ಟಿ4ಗೆ ಅದರ ರೂಪ 'ಇ2ಎಫ್‌ಎಸ್‌ಸಿಕೆ'. ಮೌಂಟ್ ಆಗಿರುವ ಪಾರ್ಟಿಷನ್ ಮೇಲೆ ಇದನ್ನು ಯಾವತ್ತೂ ಓಡಿಸಬಾರದು. 'ಇಟ್ ಈಸ್ ಮೌಂಟೆಡ್' ಎಂದು ಅದು ಎಚ್ಚರಿಸಿದಾಗ ಹಟ ಹಿಡಿದು 'ಯೆಸ್' ಒತ್ತುವವರಿಂದಲೇ ನನಗೆ ಕಷ್ಟದ ಕೇಸುಗಳು ಬರುವುದು. ರೂಟ್ ಆದರೆ ಇನಿಟ್‌ರಾಮ್‌ಎಫ್‌ಎಸ್ ಪ್ರಾಂಪ್ಟ್‌ನಿಂದ ಅಥವಾ ಲೈವ್ ಪೆನ್‌ಡ್ರೈವ್‌ನಿಂದ ಓಡಿಸಿ. ಬೇರೆ ಡಿಸ್ಕ್ ಆದರೆ ಮೊದಲು 'ಯುಮೌಂಟ್' ಮಾಡಿ. ಇದರ ಇಂಗ್ಲಿಷ್ ಬರಹದಲ್ಲಿ ಯು ಆದಮೇಲೆ ನೇರ ಎಂ, ನಡುವೆ ಎನ್ ಇಲ್ಲ.

ಡಿಸ್ಕ್ ಯಾವ ಫೈಲ್‌ಸಿಸ್ಟಮ್ ಎಂದು ನೋಡಿಕೊಳ್ಳಿ. ಇಎಕ್ಸ್‌ಟಿ4 ಆದರೆ ಕ್ರಮ ಹೀಗೆ:

1. 'ಇ2ಎಫ್‌ಎಸ್‌ಸಿಕೆ -ಎಫ್ -ಎನ್ /ಡೆವ್/ಎಸ್‌ಡಿಬಿ1'. ಬರೀ ನೋಡುತ್ತದೆ, ಏನೂ ಬದಲಿಸುವುದಿಲ್ಲ. ನಿಮ್ಮ ಪಾರ್ಟಿಷನ್ ಹೆಸರು ಹಾಕಿ. ದೋಷ ನಾಲ್ಕೈದು ಸಾಲಾದರೆ ಮುಂದೆ ಹೋಗಿ. ಪುಟಗಟ್ಟಲೆ ಉರುಳಿದರೆ ನಿಲ್ಲಿಸಿ, ಹಂತ 7ರಂತೆ ಮೊದಲು ನಕಲು ತೆಗೆಯಿರಿ.

2. ಬೇಕಾದ ಫೈಲ್‌ಗಳಿಗೆ ಬೇರೆ ಬ್ಯಾಕಪ್ ಇಲ್ಲದಿದ್ದರೆ ಲೈವ್‌ನಿಂದ 'ಮೌಂಟ್ -ಓ ಆರ್‌ಓ,ನೋಲೋಡ್ /ಡೆವ್/ಎಸ್‌ಡಿಬಿ1 /ಎಂಎನ್‌ಟಿ' ಕೊಟ್ಟು, ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿ. ಆಮೇಲೆ 'ಯುಮೌಂಟ್ /ಎಂಎನ್‌ಟಿ'. ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ಡಿಸೆಂಬರ್‌ನಲ್ಲಿ ಕಾಫಿ ಕುಯ್ಲಿನ ಲೆಕ್ಕ ಇರುವ ಮಷಿನ್‌ನಲ್ಲಂತೂ ಹಾರಿಸಬೇಡಿ.

3. 'ಇ2ಎಫ್‌ಎಸ್‌ಸಿಕೆ -ಎಫ್ -ಪಿ /ಡೆವ್/ಎಸ್‌ಡಿಬಿ1'. ಅಪಾಯವಿಲ್ಲದ್ದನ್ನು ತಾನೇ ಸರಿಮಾಡುತ್ತದೆ.

4. ಅದು ಒಪ್ಪದಿದ್ದರೆ '-ಪಿ' ಬಿಟ್ಟು ಓಡಿಸಿ. ಒಂದೊಂದಾಗಿ ಪ್ರಶ್ನೆ ಕೇಳುತ್ತದೆ. ಡೇಟಾ ಬೇರೆಡೆ ಭದ್ರವಾಗಿದ್ದರೆ ಮಾತ್ರ '-ವೈ' ಹಾಕಿ ಎಲ್ಲಕ್ಕೂ ಹೌದು ಎನ್ನಿ.

ಮುಗಿದ ಕೂಡಲೇ 'ಎಕೋ $?' ಕೊಟ್ಟರೆ ಒಂದು ಸಂಖ್ಯೆ ಸಿಗುತ್ತದೆ. 0 ಅಂದರೆ ದೋಷವಿಲ್ಲ, 1 ಅಂದರೆ ಸರಿಯಾಯಿತು, 2 ಅಂದರೆ ಸರಿಯಾಯಿತು ಆದರೆ ರೀಸ್ಟಾರ್ಟ್ ಬೇಕು. 4 ಬಂದರೆ ದೋಷ ಇನ್ನೂ ಉಳಿದಿದೆ. ಇನ್ನೊಮ್ಮೆ ಓಡಿಸಿ. ಪ್ರತಿ ಸಲವೂ ಹೊಸ ಹೊಸ ದೋಷ ಬರುತ್ತಿದ್ದರೆ ಅದು ಫೈಲ್‌ಸಿಸ್ಟಮ್ ತೊಂದರೆಯಲ್ಲ, ಡಿಸ್ಕೋ ಕೇಬಲ್ಲೋ ರ‍್ಯಾಮೋ ಕೆಟ್ಟಿದೆ.

ಸೂಪರ್‌ಬ್ಲಾಕ್ ನಿಜವಾಗಿಯೂ ಓದಲಾಗದಿದ್ದರೆ ಅದರ ನಕಲುಗಳು ಡಿಸ್ಕಿನಲ್ಲೇ ಇವೆ. 4 ಕೆಬಿ ಬ್ಲಾಕ್ ಇರುವ ಮಾಮೂಲಿ ಪಾರ್ಟಿಷನ್‌ಗೆ 'ಇ2ಎಫ್‌ಎಸ್‌ಸಿಕೆ -ಬಿ 32768 /ಡೆವ್/ಎಸ್‌ಡಿಬಿ1' ಪ್ರಯತ್ನಿಸಿ. ರಿಪೇರಿ ನಂತರ ಕಾಣೆಯಾದ ಫೈಲ್‌ಗಳನ್ನು 'ಲಾಸ್ಟ್+ಫೌಂಡ್' ಫೋಲ್ಡರ್‌ನಲ್ಲಿ ಹುಡುಕಿ. ಹೆಸರಿನ ಬದಲು ಅಂಕಿಗಳಿರುತ್ತವೆ.

ಎಕ್ಸ್‌ಎಫ್‌ಎಸ್ ಆದರೆ ಎಫ್‌ಎಸ್‌ಸಿಕೆ ಏನೂ ಮಾಡುವುದಿಲ್ಲ, ಸುಮ್ನೆ ಸರಿ ಎಂದು ಹೇಳಿಬಿಡುತ್ತದೆ. ಮೊದಲು ಒಮ್ಮೆ ಮೌಂಟ್ ಮಾಡಿ ಬಿಚ್ಚಿ, ಅದರ ಲಾಗ್ ತಾನೇ ಸರಿಹೋಗಲಿ. ಆಮೇಲೆ 'ಎಕ್ಸ್‌ಎಫ್‌ಎಸ್_ರಿಪೇರ್'. ಅದಕ್ಕೆ ದೊಡ್ಡಕ್ಷರದ '-ಎಲ್' ಹಾಕಿದರೆ ಲಾಗ್ ಅಳಿಸಿಹೋಗುತ್ತದೆ, ಬೇರೆ ದಾರಿಯೇ ಇಲ್ಲದಾಗ ಮಾತ್ರ.

ಫೆಡೋರಾ ವರ್ಕ್‌ಸ್ಟೇಷನ್ 33ನೇ ಆವೃತ್ತಿಯಿಂದ ಬಿಟಿಆರ್‌ಎಫ್‌ಎಸ್ ಬಳಸುತ್ತದೆ. ಅದರಲ್ಲಿ 'ಚೆಕ್ --ರಿಪೇರ್' ಎಂಬುದನ್ನು ಕಂಡ ಕೂಡಲೇ ಓಡಿಸಬೇಡಿ, ಇನ್ನಷ್ಟು ಕೆಡಬಹುದು. ಓದಲು ಮಾತ್ರ ಮೌಂಟ್ ಮಾಡಿ ಡೇಟಾ ಹೊರಗೆ ತೆಗೆದುಕೊಳ್ಳಿ.

## ಹಂತ 7: ಡಿಸ್ಕ್ ಸಾಯುತ್ತಿರುವ ಲಕ್ಷಣ

ಲಾಗ್‌ನಲ್ಲಿ 'ಐ/ಓ ಎರರ್', ಡಿಸ್ಕಿನಿಂದ ಟಿಕ್ ಟಿಕ್ ಸದ್ದು, ಒಂದು ಫೋಲ್ಡರ್ ತೆರೆಯಲು ನಿಮಿಷಗಟ್ಟಲೆ ಸಮಯ. ಇವುಗಳಲ್ಲಿ ಒಂದು ಕಂಡರೂ ಎಫ್‌ಎಸ್‌ಸಿಕೆ ಬೇಡ. ಅದು ಡಿಸ್ಕನ್ನು ಇಡೀ ಓಡಾಡಿಸುತ್ತದೆ, ಉಳಿದ ಜೀವವೂ ಹೋಗುತ್ತದೆ.

ಡಿಸ್ಕಿನ ಆರೋಗ್ಯ ತಿಳಿಯಲು 'ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಬಿ' ಕೊಡಿ. ಯುಎಸ್‌ಬಿ ಡಿಸ್ಕ್ ಉತ್ತರ ಕೊಡದಿದ್ದರೆ '-ಡಿ ಸ್ಯಾಟ್' ಸೇರಿಸಿ. ಸಾಟಾ ಹಾರ್ಡ್‌ಡಿಸ್ಕ್‌ನಲ್ಲಿ ಮೂರು ಸಾಲು ನೋಡಿ, ಪ್ರತಿಯೊಂದರ ಕೊನೆಯ ಅಂಕಿ ಮುಖ್ಯ. 'ಕರೆಂಟ್ ಪೆಂಡಿಂಗ್ ಸೆಕ್ಟರ್' ಸೊನ್ನೆಗಿಂತ ಜಾಸ್ತಿ ಇದ್ದರೆ ಓದಲಾಗದ ಜಾಗಗಳಿವೆ. 'ರೀಅಲೊಕೇಟೆಡ್ ಸೆಕ್ಟರ್' ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಹೊತ್ತು. 'ಯುಡಿಎಂಎ ಸಿಆರ್‌ಸಿ ಎರರ್' ಮಾತ್ರ ಏರುತ್ತಿದ್ದರೆ ಡಿಸ್ಕನ್ನು ಬೈಯಬೇಡಿ, ಕೇಬಲ್ ಬದಲಿಸಿ. 'ಪಾಸ್ಡ್' ಎಂದು ಮೇಲೆ ಬರೆದಿರುವುದನ್ನೊಂದೇ ನಂಬಬೇಡಿ. ಸಾಯುವ ಹಿಂದಿನ ದಿನದವರೆಗೂ ಪಾಸ್ಡ್ ಎನ್ನುವ ಡಿಸ್ಕ್‌ಗಳಿವೆ.

ನಕಲು ತೆಗೆಯಲು 'ಡಿಡಿರೆಸ್ಕ್ಯೂ' ಬಳಸಿ. ಉಬುಂಟುವಿನಲ್ಲಿ ಪ್ಯಾಕೇಜ್ ಹೆಸರು 'ಜಿಡಿಡಿರೆಸ್ಕ್ಯೂ'. ಕ್ರಮ ಹೀಗೆ: 'ಡಿಡಿರೆಸ್ಕ್ಯೂ -ಎನ್', ನಂತರ ಕೆಟ್ಟ ಡಿಸ್ಕ್, ನಂತರ ಇಮೇಜ್ ಫೈಲ್ (ಡಿಸ್ಕಿನ ಇಡೀ ನಕಲು), ಕೊನೆಗೆ ಮ್ಯಾಪ್ ಫೈಲ್ (ಎಲ್ಲಿಯವರೆಗೆ ನಕಲಾಗಿದೆ ಎಂಬ ಲೆಕ್ಕ). ಮ್ಯಾಪ್ ಫೈಲ್ ಹೆಸರು ಬಿಡಬೇಡಿ, ಅದನ್ನೂ ಇಮೇಜನ್ನೂ ಒಳ್ಳೆಯ ಡಿಸ್ಕಿನಲ್ಲೇ ಇಡಿ. ನಡುವೆ ಕರೆಂಟ್ ಹೋದರೆ ಅದೇ ಕಮಾಂಡ್ ಮತ್ತೆ ಕೊಟ್ಟರೆ ಸಾಕು, ಹೆಚ್ಚುಕಡಿಮೆ ನಿಂತಲ್ಲಿಂದ ಮುಂದುವರಿಯುತ್ತದೆ. ಎಫ್‌ಎಸ್‌ಸಿಕೆ ಮಾಡುವುದಿದ್ದರೆ ಆ ಇಮೇಜಿನ ಇನ್ನೊಂದು ಪ್ರತಿಯ ಮೇಲೆ ಮಾಡಿ. ಬೇರೆಲ್ಲೂ ಇಲ್ಲದ ಡೇಟಾ ಆಗಿದ್ದು ಡಿಸ್ಕ್ ಸದ್ದು ಮಾಡುತ್ತಿದ್ದರೆ ಇದನ್ನೂ ಮಾಡಬೇಡಿ. ಆಫ್ ಮಾಡಿ ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ.

## ಹಂತ 8: ಸರಿಯಾದ ಮೇಲೆ

ಒಮ್ಮೆ ಆನ್ ಆಯಿತು ಎಂದು ಎದ್ದು ಹೋಗಬೇಡಿ. ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿ. ಯುಎಸ್‌ಬಿ ಡಿಸ್ಕ್ ಕಿತ್ತು ಒಮ್ಮೆ, ಚುಚ್ಚಿ ಒಮ್ಮೆ ನೋಡಿ. 'ಸಿಸ್ಟಮ್‌ಸಿಟಿಎಲ್ --ಫೇಲ್ಡ್' ಖಾಲಿ ಪಟ್ಟಿ ತೋರಿಸಬೇಕು.

ಇನ್ವರ್ಟರ್ ಇದೆಯಲ್ಲ ಎಂದು ನೆಮ್ಮದಿಯಾಗಿ ಇರುವವರು ಅದರ ಹಿಂದಿನ ಸ್ವಿಚ್ ನೋಡಿ. ಹಲವು ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಬೇರೆಯೇ ಇರುತ್ತದೆ. ಅದು ಆನ್ ಇಲ್ಲದಿದ್ದರೆ ಬದಲಾಗುವ ಆ ಕ್ಷಣದಲ್ಲಿ ಫ್ಯಾನ್‌ಗೆ ಏನೂ ಗೊತ್ತಾಗುವುದಿಲ್ಲ, ಕಂಪ್ಯೂಟರ್ ಮಾತ್ರ ಆಫ್ ಆಗುತ್ತದೆ.

ಕೊನೆಗೆ ಬಯೋಸ್‌ಗೆ ಹೋಗಿ, ಕರೆಂಟ್ ವಾಪಸ್ ಬಂದಾಗ ಏನು ಮಾಡಬೇಕು ಎಂಬ ಸೆಟ್ಟಿಂಗ್ ಹುಡುಕಿ. 'ರಿಸ್ಟೋರ್ ಆನ್ ಎಸಿ ಪವರ್ ಲಾಸ್' ಅಥವಾ ಅದರ ಹತ್ತಿರದ ಹೆಸರು ಇರುತ್ತದೆ. ಅದು 'ಪವರ್ ಆನ್' ಇದ್ದರೆ, ಲೈನ್ ಬಂದು ಹೋಗಿ ಮಾಡುವಾಗಲೆಲ್ಲ ಮಷಿನ್ ಅರ್ಧ ಎದ್ದು ಮತ್ತೆ ಬೀಳುತ್ತಿರುತ್ತದೆ. 'ಪವರ್ ಆಫ್' ಮಾಡಿಡಿ. ಕರೆಂಟ್ ಸ್ಥಿರವಾದ ಮೇಲೆ ನೀವೇ ಬಟನ್ ಒತ್ತಿದರಾಯಿತು.